ಲ್ಯಾನಮ್ ಗುಡಿಯ ನೆರೆಯಲ್ಲೊಂದು ದೆವ್ವದಾಸ್ಪತ್ರೆ

ವಾಷಿಂಗ್ಟನ್ ಡಿಸಿ ಕಡೆಯ ಕನ್ನಡಿಗರಿಗೆ ಮೇರಿಲ್ಯಾಂಡಿನ ಲ್ಯಾನಮ್ ಎಂದರೆ ಶಿವ ವಿಷ್ಣು ದೇವಸ್ಥಾನ. ಯುಗಾದಿಗೆ, ಹೊಸ ಕಾರಿನ ಪೂಜೆಗೆ, ಊರಿಂದ ಬಂದ ಅಪ್ಪ ಅಮ್ಮನಿಗೆ ಬೇಸರವಾದಾಗ, ಎಲ್ಲದಕ್ಕೂ ಅಲ್ಲಿಗೇ ಹೋಗುವುದು. ಆ ಗುಡಿಯಿಂದ ಕಾರಿನಲ್ಲಿ ಹತ್ತು ಹದಿನೈದು ನಿಮಿಷ ಪೂರ್ವಕ್ಕೆ ಹೋದರೆ ಗ್ಲೆನ್ ಡೇಲ್ ಎಂಬ ಊರು. ಅಲ್ಲಿ ಕಾಡು ಬೆಳೆದ ಜಾಗದಲ್ಲಿ ಕೆಂಪು ಇಟ್ಟಿಗೆಯ ದೊಡ್ಡ ದೊಡ್ಡ ಕಟ್ಟಡಗಳು ನಾಲ್ಕು ದಶಕಗಳಿಂದ ಖಾಲಿ ನಿಂತಿವೆ. ಗ್ಲೆನ್ ಡೇಲ್ ಆಸ್ಪತ್ರೆ. ಪ್ರಿನ್ಸ್ ಜಾರ್ಜಸ್ ಕೌಂಟಿಯ ಯಾವ ಹೈಸ್ಕೂಲು ಹುಡುಗನನ್ನು ಕೇಳಿದರೂ ಅದರ ಬಗ್ಗೆ ಒಂದು ಕಥೆ ಹೇಳುತ್ತಾನೆ.

ಕಥೆಗಳು ಗೊತ್ತಿರುವಂಥವೇ. ಅದು ಹುಚ್ಚಾಸ್ಪತ್ರೆಯಾಗಿತ್ತಂತೆ, ಮುಚ್ಚುವ ದಿನ ರೋಗಿಗಳನ್ನು ಕಾಡಿಗೆ ಬಿಟ್ಟರಂತೆ, ನೆಲದಡಿಯ ಸುರಂಗದಲ್ಲಿ ರಾತ್ರಿ ಗಾಲಿಮಂಚ ಉರುಳುವ ಸದ್ದು ಕೇಳುತ್ತದಂತೆ. ಮೇಕೆಯ ತಲೆ, ಮನುಷ್ಯನ ಮೈ ಇರುವ ‘ಗೋಟ್‌ಮ್ಯಾನ್’ ಎಂಬ ಪಿಶಾಚಿಯೊಂದು ಈ ಕೌಂಟಿಯಲ್ಲಿ 1970ರ ದಶಕದಿಂದಲೂ ಓಡಾಡಿಕೊಂಡಿದೆ. ಅದರ ಬಿಡಾರವೂ ಇದೇ ಆಸ್ಪತ್ರೆ ಎನ್ನುವವರಿದ್ದಾರೆ. ನಮ್ಮ ಕಡೆ ಹುಣಸೆಮರಕ್ಕೆ ಗಂಟುಹಾಕುವುದನ್ನೆಲ್ಲ ಇಲ್ಲಿ ಪಾಳುಬಿದ್ದ ಆಸ್ಪತ್ರೆಗೆ ಗಂಟುಹಾಕುತ್ತಾರೆ, ಅಷ್ಟೇ ವ್ಯತ್ಯಾಸ.

ನನ್ನ ಅಕ್ಕನ ಮಗ ಎಂ.ಎಸ್. ಓದಲು ಬಂದು ಇನ್ನೂ ವರ್ಷವಾಗಿಲ್ಲ. ಹ್ಯಾಲೋವೀನ್ ಹತ್ತಿರ ಬಂದಾಗ, “ಮಾಮ, ನಮ್ಮ ರೂಮ್‌ಮೇಟ್ಸ್ ಎಲ್ಲ ಸೇರಿ ರಾತ್ರಿ ಅಲ್ಲಿಗೆ ಹೋಗ್ತಿದೀವಿ, ಬೇಲಿ ಒಂದು ಕಡೆ ಕಿತ್ತುಹೋಗಿದೆಯಂತೆ” ಎಂದ. “ನೋಡಲೇಬೇಕು ಅಂದ್ರೆ ಭಾನುವಾರ ಹಗಲಲ್ಲಿ ಬಾ, ನಾನೇ ಕರ್ಕೊಂಡು ಹೋಗ್ತೀನಿ, ರಸ್ತೆಯಿಂದ ನೋಡೋಣ” ಎಂದೆ. ಹಗಲಲ್ಲಿ ದೆವ್ವ ನೋಡುವುದು ಅವನಿಗೆ ಅವಮಾನವೆನಿಸಿರಬೇಕು. ಆದರೆ ಗುಡಿಯ ಕ್ಯಾಂಟೀನಿನ ದೋಸೆಯ ಆಸೆಗೆ ಒಪ್ಪಿಕೊಂಡ.

ರಸ್ತೆಯಿಂದ ಕಾಣುವುದು ಇಷ್ಟು: ಹೆಂಚು ಜಾರಿದ ಮಾಡು, ಗಾಜಿಲ್ಲದ ಕಿಟಕಿಗಳು, ಗೋಡೆ ಹಿಡಿದು ಏರಿದ ಬಳ್ಳಿ, ಒಳಗೆ ಕಾಲಿಡಬೇಡಿ ಎನ್ನುವ ಫಲಕಗಳು. ಪಾರ್ಕ್ ಪೊಲೀಸರ ಕಾರು ಸುತ್ತುತ್ತಲೇ ಇರುತ್ತದೆ. “ಇಷ್ಟೇನಾ?” ಎಂದ ಹುಡುಗ. ಅಲ್ಲಿಂದ ಮುಂದೆ ನಾನು ಹೇಳಿದ್ದು, ಅವನು ಮೊಬೈಲಿನಲ್ಲಿ ಹುಡುಕಿ ತಿದ್ದಿದ್ದು, ಎರಡೂ ಸೇರಿದ ಕಥೆ ಇದು.

ಗ್ಲೆನ್ ಡೇಲ್ ಒಂದು ದಿನಕ್ಕೂ ಹುಚ್ಚಾಸ್ಪತ್ರೆಯಾಗಿರಲಿಲ್ಲ. ಅದು ಕ್ಷಯರೋಗಿಗಳ ಸ್ಯಾನಿಟೋರಿಯಂ. ವಾಷಿಂಗ್ಟನ್ ನಗರದಲ್ಲಿ ಕ್ಷಯ ಹೆಚ್ಚಿದ್ದ ಕಾಲದಲ್ಲಿ, ನಗರದಿಂದ ಸುಮಾರು 15 ಮೈಲಿ ದೂರದ ಹೊಲ ಕಾಡುಗಳ ನಡುವೆ 216 ಎಕರೆಯಲ್ಲಿ ಡಿಸಿ ಆಡಳಿತ ಇದನ್ನು ಕಟ್ಟಿಸಿತು. 1934ರಲ್ಲಿ ಮಕ್ಕಳ ಆಸ್ಪತ್ರೆ ತೆರೆಯಿತು, 1937ರಲ್ಲಿ ದೊಡ್ಡವರದು. ಒಟ್ಟು ಇಪ್ಪತ್ತಕ್ಕೂ ಹೆಚ್ಚು ಕಟ್ಟಡಗಳು. ಆಗ ಕ್ಷಯಕ್ಕೆ ಮದ್ದೇ ಇರಲಿಲ್ಲ. ಬಿಸಿಲು, ಗಾಳಿ, ಹಾಲು ಮೊಟ್ಟೆ, ವಿಶ್ರಾಂತಿ, ಇವೇ ಚಿಕಿತ್ಸೆ. ಅದಕ್ಕೇ ಆ ಕಟ್ಟಡಗಳಿಗೆ ಅಷ್ಟು ಕಿಟಕಿ, ಮೇಲೆ ಬಿಸಿಲು ಕಾಯಿಸುವ ತಾರಸಿ. ಇದಕ್ಕೂ ಬಗ್ಗದಿದ್ದರೆ ಎದೆಗೆ ಸೂಜಿ ಚುಚ್ಚಿ ಗಾಳಿ ತುಂಬಿ, ಕೆಟ್ಟ ಶ್ವಾಸಕೋಶವನ್ನು ಕುಗ್ಗಿಸಿ, ಅದಕ್ಕೂ ವಿಶ್ರಾಂತಿ ಕೊಡುತ್ತಿದ್ದ ಕಾಲ ಅದು. ಮಕ್ಕಳು ಅಪ್ಪ ಅಮ್ಮನನ್ನು ಬಿಟ್ಟು ತಿಂಗಳುಗಟ್ಟಲೆ, ಕೆಲವರು ವರ್ಷಗಟ್ಟಲೆ ಇಂಥ ಕಡೆ ಇರಬೇಕಾಗುತ್ತಿತ್ತು.

1943ರಲ್ಲಿ ನ್ಯೂಜೆರ್ಸಿಯ ರಟ್ಗರ್ಸ್‌ನಲ್ಲಿ ಸ್ಟ್ರೆಪ್ಟೋಮೈಸಿನ್ ಸಿಕ್ಕಿತು. 1952ರಲ್ಲಿ ಐಸೋನಿಯಜಿಡ್ ಬಂತು. ಸ್ಯಾನಿಟೋರಿಯಂಗಳ ಹಾಸಿಗೆಗಳು ಖಾಲಿಯಾಗತೊಡಗಿದವು. ಗ್ಲೆನ್ ಡೇಲ್ ಆಮೇಲೆ ದೀರ್ಘಕಾಲದ ಕಾಯಿಲೆಯ ಬಡ ರೋಗಿಗಳನ್ನು ಇಟ್ಟುಕೊಂಡು ಎರಡು ದಶಕ ನಡೆಯಿತು. ಕೊನೆಗೆ 1980ರ ದಶಕದ ಆರಂಭದಲ್ಲಿ, ಕಟ್ಟಡದ ತುಂಬ ಕಲ್ನಾರು ಇದೆ ಎಂಬ ಕಾರಣಕ್ಕೆ ಮುಚ್ಚಿತು. ರೋಗಿಗಳು ಬೇರೆ ಆಸ್ಪತ್ರೆಗಳಿಗೆ ಹೋದರು, ಕಾಡಿಗಲ್ಲ.

ಸುರಂಗಗಳು ಮಾತ್ರ ನಿಜ. ಕಟ್ಟಡದಿಂದ ಕಟ್ಟಡಕ್ಕೆ ನೆಲದಡಿಯಲ್ಲಿ ದಾರಿಯಿದೆ. ಮೇರಿಲ್ಯಾಂಡಿನ ಜನವರಿಯ ಹಿಮದಲ್ಲಿ ಊಟದ ಗಾಡಿ, ಬಟ್ಟೆಯ ಮೂಟೆ, ರೋಗಿಗಳು ಓಡಾಡಲು ಬೇರೆ ಉಪಾಯವೇನಿತ್ತು? ಸತ್ತವರನ್ನೂ ಆ ದಾರಿಯಲ್ಲೇ ಸಾಗಿಸುತ್ತಿದ್ದರು. ತಾರಸಿಯ ಮೇಲೆ ಬಿಸಿಲು ಕಾಯಿಸುತ್ತ ಮಲಗಿದ್ದವರ ಕಣ್ಣೆದುರೇ ಹೆಣ ಸಾಗಿಸದಿರುವುದು ನನಗೇನೋ ದಯೆಯ ಕೆಲಸವಾಗಿಯೇ ಕಾಣುತ್ತದೆ. ಗಾಲಿಮಂಚದ ಸದ್ದಿನ ಕಥೆ ಹುಟ್ಟಿದ್ದು ಆ ದಯೆಯಿಂದಲೇ ಇರಬೇಕು.

ಇದನ್ನೆಲ್ಲ ಹೇಳುವಾಗ ನನಗೆ ನೆನಪಾಗುತ್ತಿದ್ದುದು ಮೈಸೂರು. ನಮ್ಮ ಮೈಸೂರಿನವರು ‘ಪಿ.ಕೆ. ಸ್ಯಾನಿಟೋರಿಯಂ’ ಎಂದಷ್ಟೇ ಹೇಳುವುದರ ಪೂರ್ಣ ಹೆಸರು ರಾಜಕುಮಾರಿ ಕೃಷ್ಣಾಜಮ್ಮಣ್ಣಿ ಕ್ಷಯರೋಗ ಆಸ್ಪತ್ರೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಸೋದರಿಯನ್ನು ಕ್ಷಯ ಕೊಂಡೊಯ್ದಿತ್ತು. ಆಕೆಯ ಹೆಸರಿನಲ್ಲಿ 1920ರ ದಶಕದ ಆರಂಭದಲ್ಲೇ ಕೆ.ಆರ್.ಎಸ್. ರಸ್ತೆಯಲ್ಲಿ ಆಸ್ಪತ್ರೆ ಎದ್ದಿತು, ಅಂದರೆ ಗ್ಲೆನ್ ಡೇಲ್‌ಗಿಂತ ಹತ್ತು ವರ್ಷ ಮೊದಲು. ಅರಮನೆಯ ರೋಗವನ್ನು ಅರಮನೆ ಮುಚ್ಚಿಡಲಿಲ್ಲ. ನಮ್ಮಂಥವರ ಮನೆಗಳು ಮುಚ್ಚಿಟ್ಟವು. ನನ್ನ ಅಜ್ಜಿಯ ತಂಗಿ ಅಲ್ಲಿ ಎಂಟು ತಿಂಗಳು ಇದ್ದು ಗುಣವಾಗಿ ಬಂದವರು. ಆ ಎಂಟು ತಿಂಗಳೂ ಬೀದಿಯವರಿಗೆ ಹೇಳಿದ್ದು “ಭಾವನ ಮನೆಗೆ ಬಾಣಂತನಕ್ಕೆ ಹೋಗಿದಾಳೆ” ಎಂದು. ಇನ್ನಿಬ್ಬರು ತಂಗಿಯರ ಮದುವೆ ಆಗಬೇಕಿತ್ತಲ್ಲ. ವಾಪಸು ಬಂದ ಮೇಲೂ ಅವರ ತಟ್ಟೆ, ಲೋಟ ಹಿತ್ತಲ ಗೂಡಿನಲ್ಲೇ ಇದ್ದವು. ಎಪ್ಪತ್ತೆಂಟರವರೆಗೆ ಬದುಕಿದ್ದ ಆ ಚಿಕ್ಕಜ್ಜಿ ಬೇರೆಯವರ ಮನೆಯಲ್ಲಿ ನೀರು ಕುಡಿಯುವಾಗಲೂ ಲೋಟ ಮೇಲೆತ್ತಿ ಕುಡಿಯುತ್ತಿದ್ದರು. ಮಡಿ ಎಂದುಕೊಂಡಿದ್ದೆವು. ಕಾರಣ ತಿಳಿದಾಗ ಅವರು ಇರಲಿಲ್ಲ.

“ಅಮ್ಮ ಇದನ್ನ ನನಗೆ ಹೇಳೇ ಇಲ್ವಲ್ಲ” ಎಂದ ಹುಡುಗ. ಅವನ ಅಮ್ಮನಿಗೂ ಯಾರೂ ಬಾಯಿಬಿಟ್ಟು ಹೇಳಿದ್ದಲ್ಲ.

ಇದು ಅಜ್ಜಿಯ ಕಾಲದ ಮಾತಷ್ಟೇ ಅಲ್ಲ. ಇವತ್ತಿಗೂ ಜಗತ್ತಿನ ಕ್ಷಯರೋಗಿಗಳಲ್ಲಿ ಸರಿಸುಮಾರು ನಾಲ್ಕರಲ್ಲೊಂದು ಪಾಲು ಭಾರತದವರು. ಗ್ರೀನ್ ಕಾರ್ಡಿನ ವೈದ್ಯಕೀಯ ತಪಾಸಣೆಗೆ ಹೋದವರಿಗೆಲ್ಲ ಟಿಬಿಯ ರಕ್ತಪರೀಕ್ಷೆ ಗೊತ್ತು. ಅದು ಪಾಸಿಟಿವ್ ಬಂದು ಎದೆಯ ಎಕ್ಸ್‌ರೇಗೆ ಕಳಿಸಿದರೆ ಎಷ್ಟೋ ಮಂದಿ ಅದನ್ನು ಗೆಳೆಯರಿಗೂ ಹೇಳುವುದಿಲ್ಲ. “ಚಿಕ್ಕಂದಿನಲ್ಲಿ ಬಿಸಿಜಿ ಹಾಕಿಸಿದ್ದಕ್ಕೆ ಹಾಗೆ ಬರುತ್ತೆ ಬಿಡಿ” ಎನ್ನುವ ಸಮಾಧಾನ ಚರ್ಮದ ಪರೀಕ್ಷೆಗೆ ಹೊಂದುತ್ತದೆ, ರಕ್ತಪರೀಕ್ಷೆಗೆ ಹೊಂದುವುದಿಲ್ಲ. ಎಕ್ಸ್‌ರೇ ಸರಿಯಿದ್ದು ರೋಗಲಕ್ಷಣವೂ ಇಲ್ಲದಿದ್ದರೆ ಅದು ಮಲಗಿರುವ ರೋಗಾಣುವಿನ ಸೂಚನೆ. ರೋಗವಲ್ಲ, ಹರಡುವುದೂ ಇಲ್ಲ, ಕೆಲವು ತಿಂಗಳ ಮಾತ್ರೆಯಲ್ಲಿ ಹೋಗುತ್ತದೆ. ಡಾಕ್ಟರು ಮಾತ್ರೆ ಬರೆದುಕೊಟ್ಟರೆ ಮುಗಿಸಿಬಿಡಿ.

ಇನ್ನು ಬೇಲಿ ಹಾರುವ ವಿಷಯ. ಮುರಿದ ಕಟ್ಟಡದ ಕಲ್ನಾರಿನ ಧೂಳು ಎದೆಯೊಳಗೆ ಹೋದರೆ ಅದರ ಫಲ ಇಪ್ಪತ್ತು ಮೂವತ್ತು ವರ್ಷದ ಮೇಲೆ ಗೊತ್ತಾಗುತ್ತದೆ. ಪೊಲೀಸರದು ಅವತ್ತೇ ಗೊತ್ತಾಗುತ್ತದೆ. ಫಲಕ ಹಾಕಿದ ಜಾಗಕ್ಕೆ ನುಗ್ಗಿದರೆ ಮೇರಿಲ್ಯಾಂಡ್ ಕಾನೂನಿನಲ್ಲಿ ಮೊದಲ ಸಲಕ್ಕೇ 90 ದಿನಗಳವರೆಗೆ ಜೈಲು, 500 ಡಾಲರ್‌ವರೆಗೆ ದಂಡ ಹಾಕಬಹುದು. ಇಲ್ಲೇ ಹುಟ್ಟಿದ ಹುಡುಗರಿಗೆ ಇದು ದಂಡ ಕಟ್ಟಿ ನಕ್ಕು ಮರೆಯುವ ಸಂಗತಿ. ನಮ್ಮ ಎಫ್-1 ಹುಡುಗರಿಗೆ ಹಾಗಲ್ಲ. ಮುಂದಿನ ಪ್ರತಿ ವೀಸಾ ಅರ್ಜಿಯಲ್ಲೂ “ಎಂದಾದರೂ ಬಂಧನಕ್ಕೊಳಗಾಗಿದ್ದಿರಾ?” ಎಂಬ ಪ್ರಶ್ನೆ ಇರುತ್ತದೆ. ಹೌದು ಎಂದು ಬರೆದು, ಕೋರ್ಟಿನ ಕಾಗದ ಹಿಡಿದು ಚೆನ್ನೈ ಕಾನ್ಸುಲೇಟಿನ ಕಿಟಕಿಯ ಮುಂದೆ ನಿಲ್ಲಬೇಕು. ನಮ್ಮ ಹುಡುಗನ ಮುಖ ಬಿಳಿಚಿಕೊಂಡಿದ್ದು ಗೋಟ್‌ಮ್ಯಾನ್ ಹೆಸರಿಗಲ್ಲ, ಇದಕ್ಕೆ.

ಈ ಜಾಗ ಹೀಗೇ ಬಿದ್ದಿರುವುದೇಕೆ? 1990ರ ದಶಕದಲ್ಲಿ ಪಾರ್ಕ್ ಇಲಾಖೆ ಇದನ್ನು ಕೊಂಡಿತು. ಕಟ್ಟಡಗಳಿರುವ ಭಾಗ ಹಿರಿಯ ನಾಗರಿಕರ ವಸತಿಯಾಗಬೇಕು, ಉಳಿದದ್ದು ಉದ್ಯಾನವಾಗಿರಬೇಕು ಎಂಬ ಷರತ್ತನ್ನು ರಾಜ್ಯದ ಕಾನೂನೇ ಹಾಕಿತು. ಕಲ್ನಾರು ತೆಗೆಸುವ ಖರ್ಚು ಕೇಳಿದ ಬಿಲ್ಡರುಗಳು ಹಿಂದೆ ಸರಿಯುತ್ತಾರೆ. 2011ರಲ್ಲಿ ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿತು, ಹಾಗಾಗಿ ಸುಮ್ಮನೆ ಕೆಡವಲೂ ಮನಸ್ಸು ಬಾರದು.

ದಕ್ಷಿಣಕ್ಕೆ ಹೋದರೆ ಇಂಥವು ಇನ್ನೂ ಇವೆ, ಒಂದೊಂದರದು ಒಂದೊಂದು ಗತಿ. ನಾರ್ತ್ ಕೆರೊಲಿನಾದ ರಾಲಿಯಲ್ಲಿ 1856ರಿಂದ ನಡೆದಿದ್ದ ಡೊರೊಥಿಯಾ ಡಿಕ್ಸ್ ಮಾನಸಿಕ ಆಸ್ಪತ್ರೆ 2012ರಲ್ಲಿ ಮುಚ್ಚಿತು. ನಗರ ಅದನ್ನು ಕೊಂಡು 308 ಎಕರೆಯ ಪಾರ್ಕ್ ಮಾಡಿದೆ. ಜುಲೈನಲ್ಲಿ ಅಲ್ಲಿ ಸೂರ್ಯಕಾಂತಿ ಅರಳಿದಾಗ ಕೇರಿ, ಮಾರಿಸ್ವಿಲ್ ಕಡೆಯ ನಮ್ಮವರೆಲ್ಲ ಮಕ್ಕಳೊಂದಿಗೆ ಫೋಟೋಗೆ ಹಾಜರು. ಅದು ಆಸ್ಪತ್ರೆಯ ಅಂಗಳವೆಂದು ಫೋಟೋ ತೆಗೆಯುವ ಎಷ್ಟು ಜನಕ್ಕೆ ಗೊತ್ತೋ.

ಸೌತ್ ಕೆರೊಲಿನಾದ ಕೊಲಂಬಿಯಾದಲ್ಲಿ ಬ್ಯಾಬ್‌ಕಾಕ್ ಕಟ್ಟಡವಿದೆ. ಕೆಂಪು ಗುಮ್ಮಟದ ಆ ಹಳೆಯ ಮಾನಸಿಕ ಆಸ್ಪತ್ರೆಯೂ ದೆವ್ವಕ್ಕೆ ಹೆಸರಾಗಿತ್ತು. 2020ರ ಬೆಂಕಿಯಲ್ಲಿ ಗುಮ್ಮಟ ಉರಿದುಬಿತ್ತು. ಈಗ ಗುಮ್ಮಟ ಮತ್ತೆ ಕಟ್ಟಿ, ಒಳಗೆ ಅಪಾರ್ಟ್‌ಮೆಂಟು ಮಾಡಿದ್ದಾರೆ. ಆ ಹೆಸರಿನ ಡಾಕ್ಟರ್ ಬ್ಯಾಬ್‌ಕಾಕ್ ಅವರ ಕಥೆ ದೆವ್ವದ ಕಥೆಗಿಂತ ದೊಡ್ಡದು. ಮೈ ಸುಲಿದು, ಭೇದಿ ಹತ್ತಿ, ಬುದ್ಧಿ ಕದಡಿ ಸಾಯುತ್ತಿದ್ದ ತಮ್ಮ ರೋಗಿಗಳಿಗೆ ಬಂದಿರುವುದು ಇಟಲಿಯ ಬಡವರನ್ನು ಕಾಡುತ್ತಿದ್ದ ಪೆಲಾಗ್ರಾ ಎಂದು ಗುರುತಿಸಿ, 1908ರಲ್ಲಿ ಇಟಲಿಗೇ ಹೋಗಿ ಖಚಿತಪಡಿಸಿಕೊಂಡು ಬಂದರು. ಬರೀ ಮುಸುಕಿನ ಜೋಳ ತಿಂದು ಬದುಕುವವರ ರೋಗ ಅದು. ನಮ್ಮ ದಖ್ಖನ್ನಿನಲ್ಲೂ ಬರೀ ಜೋಳದ ಮೇಲೆ ಬದುಕಿದ ಬಡವರಲ್ಲಿ ಇದೇ ರೋಗವಿತ್ತು. ಅದರ ಬಗ್ಗೆ ಹೈದರಾಬಾದಿನಲ್ಲಿ ಸಿ. ಗೋಪಾಲನ್ ಮತ್ತು ಶ್ರೀಕಂಠಯ್ಯ 1960ರಲ್ಲಿ ಬರೆದರು. ರೊಟ್ಟಿಯ ಜೊತೆ ಬೇಳೆ, ಮೊಸರು, ಶೇಂಗಾ ಚಟ್ನಿ ಕೇಳುವ ನಮ್ಮ ಉತ್ತರ ಕರ್ನಾಟಕದ ತಾಯಂದಿರ ಲೆಕ್ಕ ಸರಿಯಾಗಿಯೇ ಇದೆ.

ಪೆಲಾಗ್ರಾ ಸೋಂಕಲ್ಲ, ಊಟದ ಕೊರತೆ ಎಂದು ಜೋಸೆಫ್ ಗೋಲ್ಡ್‌ಬರ್ಗರ್ ತೋರಿಸಿದ ಜಾಗಗಳಲ್ಲೊಂದು ಜಾರ್ಜಿಯಾದ ಮಿಲೆಡ್ಜ್‌ವಿಲ್. ಅಟ್ಲಾಂಟಾದಿಂದ ಎರಡು ಗಂಟೆಯ ದಾರಿ. ಅಲ್ಲಿನ ಸೆಂಟ್ರಲ್ ಸ್ಟೇಟ್ ಆಸ್ಪತ್ರೆ 1842ರಲ್ಲಿ ಶುರುವಾಯಿತು. 1960ರ ಹೊತ್ತಿಗೆ ಹನ್ನೆರಡು ಸಾವಿರದಷ್ಟು ರೋಗಿಗಳಿದ್ದರು. ನರ್ಸೊಬ್ಬರು ಶಸ್ತ್ರಚಿಕಿತ್ಸೆ ಮಾಡುತ್ತಿದ್ದುದನ್ನು ‘ಅಟ್ಲಾಂಟಾ ಕಾನ್‌ಸ್ಟಿಟ್ಯೂಷನ್’ ಪತ್ರಿಕೆಯ ಜ್ಯಾಕ್ ನೆಲ್ಸನ್ ಬಯಲಿಗೆಳೆದರು, 1960ರಲ್ಲಿ ಅವರಿಗೆ ಪುಲಿಟ್ಜರ್ ಬಂತು. ಜಾರ್ಜಿಯಾದ ಅಮ್ಮಂದಿರು ಹಟ ಮಾಡುವ ಮಕ್ಕಳಿಗೆ “ಮಿಲೆಡ್ಜ್‌ವಿಲ್‌ಗೆ ಕಳಿಸ್ತೀನಿ” ಎಂದು ಹೆದರಿಸುತ್ತಿದ್ದರಂತೆ. ನಮ್ಮಲ್ಲಿ ನಿಮ್ಹಾನ್ಸ್ ಹೆಸರು ಹೇಳುವ ಹಾಗೆ.

ಕಳೆದ ವರ್ಷ ಅಟ್ಲಾಂಟಾದ ಗೆಳೆಯರೊಂದಿಗೆ ಅಲ್ಲಿಗೆ ಹೋಗಿದ್ದೆ. ಪೀಕಾನ್ ಮರಗಳ ತೋಪು, ಸುತ್ತ ಬೀಗ ಬಿದ್ದ ಕಟ್ಟಡಗಳು. ಅಲ್ಲಿನ ಮಣ್ಣಿನಲ್ಲಿ ಸುಮಾರು 25,000 ರೋಗಿಗಳಿದ್ದಾರೆ. ಸಮಾಧಿಗೊಂದು ಕಬ್ಬಿಣದ ಗೂಟ, ಗೂಟಕ್ಕೊಂದು ಸಂಖ್ಯೆ, ಹೆಸರಿಲ್ಲ. ಹುಲ್ಲು ಕೊಯ್ಯಲು ಅಡ್ಡವಾಗುತ್ತವೆಂದು ಯಾವುದೋ ಕಾಲದಲ್ಲಿ ಸಾವಿರಾರು ಗೂಟಗಳನ್ನು ಕಿತ್ತು ಬಿಸಾಡಿದ್ದರು. 1997ರಲ್ಲಿ ಮಾನಸಿಕ ಕಾಯಿಲೆಯಿಂದ ಹೊರಬಂದವರೇ ಒಂದು ಗುಂಪಾಗಿ ಅವುಗಳನ್ನು ಹುಡುಕಿ ತೆಗೆಯಲು ಶುರುಮಾಡಿದರು. ಯಾವ ಗೂಟ ಯಾರ ತಲೆಯ ಬಳಿಯದು ಎಂದು ಹೇಳುವಂತಿರಲಿಲ್ಲ. ಹಾಗಾಗಿ ಸುಮಾರು 2,000 ಗೂಟಗಳನ್ನು ಒಂದೇ ಕಡೆ ಸಾಲಾಗಿ ನೆಟ್ಟಿದ್ದಾರೆ, ಪಕ್ಕದಲ್ಲಿ ಕಂಚಿನ ದೇವದೂತನ ಪ್ರತಿಮೆ. ನಾವು ಹೋದಾಗ ಯಾರೋ ಒಂದು ಗೂಟದ ಮೇಲೆ ಚಿಲ್ಲರೆ ನಾಣ್ಯ ಇಟ್ಟು ಹೋಗಿದ್ದರು.