ತಟ್ಟೆಯ ಮೇಲೆ ಸರ್ಕಾರದ ಕೈ
ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ಅಧಿಕ ತೂಕದ ಮಹಿಳೆಯರ ಪ್ರಮಾಣ 2015–16ರಲ್ಲಿ ಸುಮಾರು ಶೇ 23 ಇದ್ದದ್ದು 2019–21ರಲ್ಲಿ ಶೇ 30ಕ್ಕೇರಿತು. ಇಷ್ಟು ಬೇಗ ಎಲ್ಲರ ನಾಲಿಗೆಚಪಲ ಹೆಚ್ಚಿತೆನ್ನಲಾಗದು. ಬದಲಾದದ್ದು ಬದುಕಿನ ರೀತಿ ಮತ್ತು ಆಹಾರದ ಮಾರುಕಟ್ಟೆ. ಆ ಮಾರುಕಟ್ಟೆಯ ಬೆಲೆಗಳಲ್ಲಿ ಸರ್ಕಾರದ ಕೈಯಿದೆ. 2025ರ ಸೆಪ್ಟೆಂಬರ್‌ನಲ್ಲಿ ಬಿಸ್ಕತ್ತು, ಚಾಕೊಲೇಟು, ದಿಢೀರ್ ನೂಡಲ್ಸ್‌ಗಳ ಜಿಎಸ್‌ಟಿ ಶೇ 5ಕ್ಕೆ ಇಳಿಯಿತು. ಇಂಥ ಕುರುಕಲು ತಿನಿಸುಗಳ ತೆರಿಗೆಯನ್ನು ಮತ್ತೆ ಏರಿಸಬೇಕು.

ತಿನ್ನುವುದು ಅವರವರ ಇಷ್ಟ ಎಂಬ ಆಕ್ಷೇಪವಿದೆ. ಆದರೆ ಯಲಹಂಕ ಬಳಿಯ ಕೋಗಿಲಿನ ದಿನಗೂಲಿ ಕುಟುಂಬ ಕೈಗೆಟುಕುವುದರಲ್ಲಷ್ಟೇ ಆರಿಸಿಕೊಳ್ಳಬಲ್ಲದು. ಕುರುಕಲು ತಿನಿಸಿನ ತೆರಿಗೆ ಬಡವರಿಗೇ ಹೊರೆ ಎಂಬುದೂ ನಿಜ. ಆದ್ದರಿಂದಲೇ ಆ ತೆರಿಗೆಯ ಹಣ ಪಡಿತರದ ಬೇಳೆ, ರಾಗಿಗೆ ಮತ್ತು 1959ರಲ್ಲಿ ಹುಟ್ಟಿದ ಸಹಕಾರ ಸಂಸ್ಥೆ ಹಾಪ್‌ಕಾಮ್ಸ್‌ನ ತರಕಾರಿ ಮಳಿಗೆಗಳನ್ನು ಇಂಥ ಬಡಾವಣೆಗಳಲ್ಲಿ ಹೆಚ್ಚಿಸುವುದಕ್ಕೆ ಮೀಸಲಾಗಬೇಕು.