ಹಸ್ತಪ್ರತಿಯ ಅಂಚಿನಲ್ಲೊಂದು ಪ್ರಶ್ನೆ

ಅಮೆರಿಕದಲ್ಲಿ ಬೆಳೆದ ನನ್ನ ಮಕ್ಕಳಿಗೆ ಕನ್ನಡ ಮಾತು ಬರುತ್ತದೆ, ಓದು ಬಾರದು. ಅವರಿಗಾಗಿಯೇ ತೀರ್ಥಹಳ್ಳಿಯ ಬಾಲ್ಯವನ್ನು ಇಂಗ್ಲಿಷಿನಲ್ಲಿ ಬರೆಯತೊಡಗಿದೆ. ನಾಲ್ಕು ಚಳಿಗಾಲಗಳಲ್ಲಿ ಅದು 60,000 ಪದಗಳಷ್ಟು ಬೆಳೆಯಿತು. ಬಿ.ಎ.ಯಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದ ಅಭಿಮಾನ ಬೇರೆ. ಅನ್ಯರು ತಿದ್ದುವ ಅಗತ್ಯವೇನೆಂದು ಭಾವಿಸಿದ್ದೆ. ಮಗಳು ಒಪ್ಪಲಿಲ್ಲ.

ವಿಚಾರಿಸಿದಾಗ ತಿಳಿಯಿತು, ಇಲ್ಲಿ ಸಂಪಾದನೆಯೆಂಬುದು ಒಂದೇ ಕೆಲಸವಲ್ಲ. ಕೃತಿಯ ಒಟ್ಟು ಬಂಧವನ್ನು ಪರಿಶೀಲಿಸುವುದು ಒಂದು, ವಾಕ್ಯಗಳನ್ನು ತಿದ್ದುವುದು ಮತ್ತೊಂದು, ಅಚ್ಚಿಗೆ ಮುನ್ನ ಕರಡು ನೋಡುವುದು ಇನ್ನೊಂದು. ಶುಲ್ಕವನ್ನು ಬಹುಮಟ್ಟಿಗೆ ಪದಗಳ ಲೆಕ್ಕದಲ್ಲಿ ಹೇಳುತ್ತಾರೆ. ವಾಕ್ಯ ತಿದ್ದಲು ಪದವೊಂದಕ್ಕೆ ಎರಡೂವರೆ ಸೆಂಟ್ ಎಂದಾಗ ಅಲ್ಪವೆನಿಸಿತು. ಗುಣಿಸಿ ನೋಡಿದರೆ 1,500 ಡಾಲರ್! ಬಂಧದ ಪರಿಶೀಲನೆಗೆ ಇನ್ನೂ ಹೆಚ್ಚು.

“ಈ ಹಣದಲ್ಲಿ ಊರಿಗೇ ಹೋಗಿಬರಬಹುದಲ್ಲ” ಎಂದರು ನಮ್ಮ ಯಜಮಾನರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ಪ್ರಕಾಶನ ಸಂಸ್ಥೆಯೊಂದು ಕೃತಿಯನ್ನು ಸ್ವೀಕರಿಸಿದರೆ ಈ ವೆಚ್ಚವನ್ನು ಸಾಮಾನ್ಯವಾಗಿ ಅದೇ ಭರಿಸುತ್ತದೆ. ನಮ್ಮಲ್ಲಿಯೂ ಧಾರವಾಡದ ಮನೋಹರ ಗ್ರಂಥಮಾಲೆಗೆ ಕೀರ್ತಿನಾಥ ಕುರ್ತಕೋಟಿಯವರಂಥ ವಿಮರ್ಶಕರು ಸಲಹೆಗಾರರಾಗಿದ್ದರು. ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸುವ ನನ್ನಂಥವರಿಗೆ ಅಂಥ ಭಾಗ್ಯವೆಲ್ಲಿ? ಆದರೂ ಹಣ ಕೊಡುವ ಮೊದಲು ಐದು ಪುಟಗಳನ್ನು ಮಾದರಿಗಾಗಿ ತಿದ್ದಿಸಿಕೊಂಡೆ. ಕೆಲಸದ ವ್ಯಾಪ್ತಿ, ಗಡುವು, ಕಂತುಗಳನ್ನು ಬರೆಸಿಕೊಂಡೆ. ಪುಸ್ತಕ ಬರೆಯುವ ಹಂಬಲವುಳ್ಳ ಗೆಳತಿಯರು ಇಷ್ಟನ್ನಾದರೂ ಮಾಡಬೇಕು.

ಆರು ವಾರಗಳ ಅನಂತರ ಹಸ್ತಪ್ರತಿ ಮರಳಿತು. ಅಲ್ಪವಿರಾಮಗಳನ್ನು ನಾನು ಉಪ್ಪಿನಂತೆ ಚೆಲ್ಲಿದ್ದೆನೆಂಬುದು ಆಗಲೇ ಅರಿವಾಯಿತು! ಅದರ ನೋವು ಬೇಗ ಮರೆಯಿತು. ಮರೆಯದೆ ಉಳಿದದ್ದು ಹನ್ನೊಂದನೆಯ ಅಧ್ಯಾಯದ ಅಂಚಿನಲ್ಲಿದ್ದ ಪ್ರಶ್ನೆ. ನಮ್ಮ ಮನೆಯಲ್ಲಿ ತಲೆಬೋಳಿಸಿ ಕೆಂಪು ಸೀರೆಯುಟ್ಟ ಮಡಿಯಜ್ಜಿಯೊಬ್ಬರಿದ್ದರು, ತಂದೆಯವರ ಸೋದರತ್ತೆ. ಅವರು ಹಾಕುತ್ತಿದ್ದ ಮಿಡಿ ಉಪ್ಪಿನಕಾಯಿಯನ್ನು ಎರಡು ಪುಟ ವರ್ಣಿಸಿದ್ದೆ. ಎಂದೂ ಮಲೆನಾಡನ್ನು ಕಾಣದ ಆ ಸಂಪಾದಕಿ ಕೇಳಿದ್ದರು: “ಇವರು ಇಡೀ ಪುಸ್ತಕದಲ್ಲಿ ಒಂದು ಮಾತನ್ನೂ ಆಡುವುದಿಲ್ಲವೇಕೆ?”

ನನ್ನಲ್ಲಿ ಉತ್ತರವಿರಲಿಲ್ಲ. ಅವರ ಹೆಸರೂ ನನಗೆ ತಿಳಿದಿರಲಿಲ್ಲ.

ಅಂದು ರಾತ್ರಿಯೇ ಊರಿನ ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಎರಡು ಗಂಟೆ ಮಾತಾಡಿದರು; ನಡುವೆ ಒಮ್ಮೆ ಅತ್ತರು. ಈಗ ಹೊಸದೊಂದು ಅಧ್ಯಾಯ ಸಿದ್ಧವಾಗಿದೆ, 4,000 ಪದಗಳು. ಅದನ್ನು ತಿದ್ದಲು ಇನ್ನೂ 100 ಡಾಲರ್ ಆಗುತ್ತದೆ. ಯಜಮಾನರು ಈ ಬಾರಿ ಮಾತಾಡದೆ ಚೆಕ್ ಬರೆದುಕೊಟ್ಟಿದ್ದಾರೆ.