ಹದಿನೈದು–ಹದಿನೇಳರ ಅದಲುಬದಲು

ರಕ್ತ ಕ್ಯಾನ್ಸರ್‌ಗಳಲ್ಲೇ ಅತಿ ಬೇಗ ಕೊಲ್ಲುವಂಥದ್ದು ಎಂದು ಒಂದು ಕಾಲಕ್ಕೆ ಕುಖ್ಯಾತವಾಗಿದ್ದ ರೋಗ, ಇಂದು ಅದೇ ಬಳಗದಲ್ಲಿ ಅತಿ ಹೆಚ್ಚು ಗುಣವಾಗುವ ರೋಗಗಳಲ್ಲಿ ಒಂದು. ಅದರ ಹೆಸರು ಅಕ್ಯೂಟ್ ಪ್ರೊಮೈಲೊಸಿಟಿಕ್ ಲ್ಯುಕೇಮಿಯಾ. ವೈದ್ಯರ ಬಾಯಲ್ಲಿ ಬರೀ ಎಪಿಎಲ್. 1957ರಲ್ಲಿ ನಾರ್ವೆಯ ವೈದ್ಯ ಹಿಲ್ಲೆಸ್ಟಾಡ್ ಇದೊಂದು ಬೇರೆಯೇ ರೋಗವೆಂದು ಬರೆದಾಗ ಅವರ ಮುಂದಿದ್ದದ್ದು ಮೂವರು ರೋಗಿಗಳ ವಿವರ: ವಿಪರೀತ ರಕ್ತಸ್ರಾವ, ಕೆಲವೇ ವಾರಗಳಲ್ಲಿ ಸಾವು. ಅಲ್ಲಿಂದ ಇಲ್ಲಿಯವರೆಗಿನ ಬದಲಾವಣೆಯ ಶ್ರೇಯಸ್ಸೆಲ್ಲ ಸಾಮಾನ್ಯವಾಗಿ ಔಷಧಕ್ಕೆ ಹೋಗುತ್ತದೆ. ಔಷಧಕ್ಕೆ ಸಲ್ಲಬೇಕಾದದ್ದು ಸಲ್ಲಲಿ. ಆದರೆ ಆ ಔಷಧ ಯಾರಿಗೆ ಬೇಕು, ಯಾರಿಗೆ ಬೇಡ ಎಂದು ಖಚಿತವಾಗಿ ಹೇಳಿದ್ದು ವಂಶವಾಹಿ ಪರೀಕ್ಷೆ. ತೀವ್ರ ಲ್ಯುಕೇಮಿಯಾದಲ್ಲಿ ಈ ಪರೀಕ್ಷೆ, ರೋಗಪತ್ತೆ ಮುಗಿದ ಮೇಲೆ ಬೇಕಿದ್ದರೆ ಮಾಡಿಸಿಕೊಳ್ಳುವ ಹೆಚ್ಚುವರಿ ತಪಾಸಣೆಯಲ್ಲ. ರೋಗಪತ್ತೆಯ ತಿರುಳೇ ಅದು.

ಮೊದಲು ಇದ್ದದ್ದು ಸೂಕ್ಷ್ಮದರ್ಶಕ ಒಂದೇ. ಅಸ್ಥಿಮಜ್ಜೆಯ ಹನಿಯನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಕಣಗಳ ರೂಪ ನೋಡಿ ಹೆಸರಿಡುತ್ತಿದ್ದರು. 1976ರಲ್ಲಿ ಫ್ರಾನ್ಸ್, ಅಮೆರಿಕ, ಬ್ರಿಟನ್ನಿನ ತಜ್ಞರು ಸೇರಿ ಮಾಡಿದ ವರ್ಗೀಕರಣದಲ್ಲಿ ಎಪಿಎಲ್‌ಗೆ ‘ಎಂ3’ ಎಂಬ ಗುರುತು ಸಿಕ್ಕಿತು. ಮರುವರ್ಷವೇ ಶಿಕಾಗೊದ ಜಾನೆಟ್ ರೌಲಿ ಮತ್ತು ಸಂಗಡಿಗರು ಬೇರೆ ದಾರಿಯಿಂದ ಅದೇ ರೋಗಕ್ಕೆ ಬಂದರು. ವರ್ಣತಂತುಗಳ ಮೇಲೆ ಪಟ್ಟೆಗಳು ಮೂಡುವಂತೆ ಬಣ್ಣ ಹಾಕುವ ಹೊಸ ವಿಧಾನವನ್ನು ರೌಲಿ ಆಕ್ಸ್‌ಫರ್ಡ್‌ನಲ್ಲಿ ಕಲಿತಿದ್ದರು. ಮನೆಯ ಊಟದ ಮೇಜಿನ ಮೇಲೆ ವರ್ಣತಂತುಗಳ ಫೋಟೊಗಳನ್ನು ಕತ್ತರಿಸಿ ಜೋಡಿಸುತ್ತ ಕೂರುತ್ತಿದ್ದರು. ಅಮ್ಮ ಕಾಗದದ ಗೊಂಬೆ ಆಡುತ್ತಾಳೆಂದು ಮಕ್ಕಳು ನಗುತ್ತಿದ್ದರಂತೆ. ಆ ಆಟದಿಂದಲೇ 1973ರಲ್ಲಿ, ಒಂದು ಬಗೆಯ ತೀವ್ರ ಲ್ಯುಕೇಮಿಯಾದಲ್ಲಿ 8 ಮತ್ತು 21ನೇ ವರ್ಣತಂತುಗಳು ತುಂಡುಗಳನ್ನು ಅದಲುಬದಲು ಮಾಡಿಕೊಂಡಿರುತ್ತವೆ ಎಂಬುದು ಹೊರಬಿತ್ತು. 1977ರಲ್ಲಿ ಎಪಿಎಲ್‌ನ ಸರದಿ: ಇಲ್ಲಿ ಅದಲುಬದಲಾದದ್ದು 15 ಮತ್ತು 17. ಈ ಬದಲಾವಣೆ ಹುಟ್ಟಿನಿಂದ ಬಂದದ್ದಲ್ಲ. ಮಜ್ಜೆಯ ಕಣದಲ್ಲಿ ನಡುವೆ ಎಂದೋ ಆದದ್ದು. ಹಾಗಾಗಿ ರೋಗಿಯ ಮಕ್ಕಳಿಗೆ ಅದು ಹರಿದುಹೋಗುವುದಿಲ್ಲ.

ವರ್ಣತಂತು ಪರೀಕ್ಷೆಯ ನಿಜವಾದ ಬೆಲೆ ತಿಳಿದದ್ದು ಕಣ್ಣು ಮೋಸಹೋದ ಕಡೆ. ಎಂ3ಯ ಗುರುತೇ ಕಣಗಳಲ್ಲಿ ತುಂಬಿರುವ ಒರಟು ಹರಳುಗಳು. ಆದರೆ ಕೆಲವು ರೋಗಿಗಳಲ್ಲಿ ಆ ಹರಳುಗಳು ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಕಾಣದಷ್ಟು ಸಣ್ಣವು. ನೋಡಿದವರಿಗೆ ಬೇರೆ ಬಗೆಯ ಲ್ಯುಕೇಮಿಯಾದಂತೆಯೇ ತೋರುತ್ತದೆ. ವರ್ಣತಂತು ನೋಡಿದರೆ ಅದೇ 15–17.

ಇಲ್ಲಿ ಒಂದು ಬಲವಾದ ಆಕ್ಷೇಪ ಏಳುತ್ತದೆ. ಶಾಂಘೈನ ವಾಂಗ್ ಝೆನ್‌ಯಿ ಮತ್ತು ತಂಡ 1988ರಲ್ಲಿ ಪ್ರಕಟಿಸಿದ ವರದಿಯಲ್ಲಿ 24 ಎಪಿಎಲ್ ರೋಗಿಗಳಿಗೆ ವಿಟಮಿನ್ ‘ಎ’ ಬಳಗದ ರೆಟಿನಾಯಿಕ್ ಆಮ್ಲವನ್ನು ಕೊಟ್ಟಿದ್ದರು. ಒಬ್ಬರಿಗೆ ಕಿಮೋ ಸೇರಿಸಬೇಕಾಯಿತು. ಉಳಿದ 23 ಮಂದಿಯ ರೋಗ ಅದೊಂದರಿಂದಲೇ ಶಮನವಾಯಿತು. ಆಗ ವಂಶವಾಹಿಯ ಗುಟ್ಟು ಯಾರಿಗೂ ಗೊತ್ತಿರಲಿಲ್ಲವಲ್ಲ? ನಿಜ, ಔಷಧ ಮೊದಲು ಬಂತು, ಕಾರಣ ಆಮೇಲೆ ತಿಳಿಯಿತು. 1990ರಲ್ಲಿ 17ನೇ ವರ್ಣತಂತು ತುಂಡಾದ ಜಾಗ ಸಿಕ್ಕಿತು: ಅಲ್ಲಿದ್ದದ್ದು ರೆಟಿನಾಯಿಕ್ ಆಮ್ಲವನ್ನೇ ಹಿಡಿದುಕೊಳ್ಳುವ ಗ್ರಾಹಕದ ವಂಶವಾಹಿ! 15ರಲ್ಲಿನ ಪಿಎಂಎಲ್ ಎಂಬ ವಂಶವಾಹಿಯ ಜೊತೆ ಅದು ಬೆಸೆದುಕೊಂಡು ಕಣಗಳು ಬಲಿಯದಂತೆ ತಡೆಯುತ್ತಿತ್ತು. ಔಷಧ ಆ ತಡೆಯನ್ನು ಸಡಿಲಿಸುತ್ತಿತ್ತು. ಕಾರಣ ತಿಳಿದ ಮೇಲೆ ಮಿತಿಯೂ ತಿಳಿಯಿತು. ಎಪಿಎಲ್‌ನಂತೆಯೇ ಕಾಣುವ, ಆದರೆ 11–17ರ ಬೆಸುಗೆಯಿಂದ ಹುಟ್ಟುವ ಅಪರೂಪದ ರೋಗವೊಂದಿದೆ. ಅದರ ಒಂದು ಬಗೆ ಈ ಔಷಧಕ್ಕೆ ಮಣಿಯುವುದಿಲ್ಲ. ಕಣ್ಣನ್ನಷ್ಟೇ ನಂಬಿದ ವೈದ್ಯರು ಇಬ್ಬರಿಗೂ ಒಂದೇ ಗುಳಿಗೆ ಬರೆದಾರು.

ಇನ್ನೊಂದು ಆಕ್ಷೇಪ ಸಮಯದ್ದು, ಇದು ಇನ್ನೂ ಗಟ್ಟಿ. ಎಪಿಎಲ್ ರೋಗಿ ಮೆದುಳಿನ ರಕ್ತಸ್ರಾವದಿಂದ ಮೊದಲ ಕೆಲವು ದಿನಗಳಲ್ಲೇ ಸಾಯಬಹುದು. ವರ್ಣತಂತು ಪರೀಕ್ಷೆಗೆ ಕಣಗಳನ್ನು ಬೆಳೆಸಬೇಕು, ದಿನಗಳು ಬೇಕು. ಆದ್ದರಿಂದ ಸ್ಲೈಡ್ ನೋಡಿ ಅನುಮಾನ ಬಂದ ತಕ್ಷಣ ರೆಟಿನಾಯಿಕ್ ಆಮ್ಲ ಶುರುಮಾಡಿ, ವರದಿಗೆ ಕಾಯಬೇಡಿ ಎಂಬುದೇ ಇಂದಿನ ಒಪ್ಪಿತ ಕ್ರಮ. ಸೂಕ್ಷ್ಮದರ್ಶಕದ ಅನುಭವಿ ಕಣ್ಣಿಗೆ ಇದಕ್ಕಿಂತ ದೊಡ್ಡ ಗೌರವ ಬೇಕೆ? ಆದರೆ ಮಾತು ಅಲ್ಲಿಗೆ ಮುಗಿಯುವುದಿಲ್ಲ. ಬೆಸುಗೆ ಇಲ್ಲವೆಂದು ವರದಿ ಬಂದರೆ ಔಷಧ ನಿಲ್ಲುತ್ತದೆ, ದಾರಿ ಬದಲಾಗುತ್ತದೆ. ಇದೆಯೆಂದು ಬಂದರೆ ಕಿಮೋವನ್ನೇ ಬಿಡುವ ಧೈರ್ಯ ಬರುತ್ತದೆ. 2013ರಲ್ಲಿ ಇಟಲಿಯ ಲೊ ಕೊಕೊ ಮುಂತಾದವರು ಪ್ರಕಟಿಸಿದ ಅಧ್ಯಯನ ಅಪಾಯ ಕಡಿಮೆಯಿದ್ದ ರೋಗಿಗಳದ್ದು. ರೆಟಿನಾಯಿಕ್ ಆಮ್ಲದ ಜೊತೆ ಕಿಮೋ ಬದಲು ಆರ್ಸೆನಿಕ್, ಅಂದರೆ ನಮ್ಮ ಹಳಬರ ಪಾಷಾಣ, ಪಡೆದವರಲ್ಲಿ ಶೇ 97 ಮಂದಿ ಎರಡು ವರ್ಷ ಯಾವ ಹಿನ್ನಡೆಯೂ ಇಲ್ಲದೆ ಕಳೆದರು. ಕಿಮೋ ಗುಂಪಿನಲ್ಲಿ ಅದು ಶೇ 86. ಬರೀ ಅನುಮಾನದ ಮೇಲೆ ಯಾವ ವೈದ್ಯರೂ ಕಿಮೋ ಬಿಟ್ಟುಬಿಡಲಾರರು.

ಪರೀಕ್ಷೆಗೆ ಖರ್ಚು ಹೆಚ್ಚು ಎಂಬ ಮಾತಿಗೂ ಉತ್ತರ ಇಲ್ಲೇ ಇದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು 72 ಎಪಿಎಲ್ ರೋಗಿಗಳಿಗೆ ಆರ್ಸೆನಿಕ್ ಒಂದನ್ನೇ ಆಧರಿಸಿ ಚಿಕಿತ್ಸೆ ನೀಡಿ, ಸುಮಾರು ಶೇ 86 ಮಂದಿಯಲ್ಲಿ ರೋಗ ಪೂರ್ಣ ಶಮನವಾದದ್ದನ್ನು 2006ರಲ್ಲಿ ವರದಿ ಮಾಡಿದರು. ಸರಿಯಾದ ಪರೀಕ್ಷೆ ದುಬಾರಿ ಚಿಕಿತ್ಸೆಯನ್ನು ತಪ್ಪಿಸಬಲ್ಲದು. ಉಳಿದ ತೀವ್ರ ಲ್ಯುಕೇಮಿಯಾಗಳಲ್ಲಿ ಲೆಕ್ಕ ಇಷ್ಟು ಸಲೀಸಲ್ಲ ಎಂಬುದನ್ನು ಒಪ್ಪಬೇಕು. ಹಲವರ ವರ್ಣತಂತುಗಳು ಮೇಲ್ನೋಟಕ್ಕೆ ಸರಿಯಾಗಿಯೇ ಇರುತ್ತವೆ. ಎಫ್‌ಎಲ್‌ಟಿ3, ಎನ್‌ಪಿಎಂ1ರಂಥ ವಂಶವಾಹಿಗಳನ್ನು ಒಂದೊಂದಾಗಿ ಓದಬೇಕು. ಓದಿದರೂ ಪ್ರತಿಯೊಂದಕ್ಕೂ ಔಷಧವಿಲ್ಲ. ಆದರೂ ಮಜ್ಜೆಯಲ್ಲಿ ಶೇ 20ರಷ್ಟು ಎಳೆಯ ಕಣಗಳಿದ್ದರೆ ಮಾತ್ರ ತೀವ್ರ ಮೈಲಾಯ್ಡ್ ಲ್ಯುಕೇಮಿಯಾ ಎನ್ನುತ್ತಿದ್ದ ಹಳೆಯ ಗೆರೆಯನ್ನು, ನಿರ್ದಿಷ್ಟ ವಂಶವಾಹಿ ಬದಲಾವಣೆ ಸಿಕ್ಕ ಹೆಚ್ಚಿನ ಬಗೆಗಳಿಗೆ ವಿಶ್ವ ಆರೋಗ್ಯ ಸಂಸ್ಥೆಯ 2022ರ ವರ್ಗೀಕರಣ ಕೈಬಿಟ್ಟಿದೆ.